ಪಾಸ್‌ವರ್ಡ್ ತೆಗೆದರೆ ಸಾಕೇ? ಕ್ಲೌಡ್ ಖಾತೆಯ ಎರಡು ಬಾಗಿಲುಗಳು

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಎಡಬ್ಲ್ಯುಎಸ್ ಖಾತೆಗೆ ಕೊಟ್ಟ ಆಕ್ಸೆಸ್ ಅನ್ನು ವಾಪಸ್ ತಗೊಳ್ಳೋದು ಹೇಗೆ ಅನ್ನೋದು ಇವತ್ತಿನ ವಿಷಯ. ಮೊದಲು ನಾನೇ ಮಾಡಿದ ತಪ್ಪು ಹೇಳಿಬಿಡ್ತೀನಿ.

ಕೆಲವು ವರ್ಷಗಳ ಹಿಂದೆ ನಾನಿದ್ದ ಸಣ್ಣ ಕಂಪನಿಯಲ್ಲಿ ಸಹೋದ್ಯೋಗಿಯೊಬ್ಬರು ಕೆಲಸ ಬಿಟ್ಟರು. ಅವರ ಆಕ್ಸೆಸ್ ತೆಗೆಯೋ ಕೆಲಸ ನನಗೆ ಬಂತು. ಬ್ರೌಸರ್‌ನಲ್ಲಿ ಕನ್ಸೋಲ್ ತೆರೆದು, ಐಎಎಂನಲ್ಲಿ ಅವರ ಹೆಸರು ಹುಡುಕಿ, ಕನ್ಸೋಲ್ ಆಕ್ಸೆಸ್ ಡಿಸೇಬಲ್ ಮಾಡಿದೆ. ಎರಡು ನಿಮಿಷದ ಕೆಲಸ. 'ಆಯ್ತು ಸರ್' ಅಂತ ಮೇಲ್ ಹಾಕಿ ಚಹಾಕ್ಕೆ ಹೋದೆ.

ನಾಲ್ಕು ತಿಂಗಳಾದ ಮೇಲೆ ಆಡಿಟ್‌ಗಾಗಿ ಕ್ರೆಡೆನ್ಷಿಯಲ್ ರಿಪೋರ್ಟ್ ಇಳಿಸಿಕೊಂಡೆ. ಖಾತೆಯ ಎಲ್ಲ ಯೂಸರ್‌ಗಳ ಪಾಸ್‌ವರ್ಡ್, ಕೀ ಸ್ಥಿತಿ ಒಂದೇ ಸಿಎಸ್‌ವಿ ಫೈಲ್‌ನಲ್ಲಿ ಸಿಗುತ್ತೆ. ಅವರ ಸಾಲಿನಲ್ಲಿ ಪಾಸ್‌ವರ್ಡ್ 'ಫಾಲ್ಸ್'. ಆಕ್ಸೆಸ್ ಕೀ 'ಟ್ರೂ'. ಕೊನೆಯ ಬಳಕೆ, ಹಿಂದಿನ ರಾತ್ರಿ! ನನ್ನ ಕೈಕಾಲು ತಣ್ಣಗಾಯ್ತು.

ಆಗಿದ್ದೇನು ಅಂದ್ರೆ, ಐಎಎಂ ಯೂಸರ್‌ಗೆ ಎರಡು ಬಾಗಿಲು ಇರಬಹುದು. ಕನ್ಸೋಲ್‌ಗೆ ಪಾಸ್‌ವರ್ಡ್. ಕಮಾಂಡ್ ಲೈನ್‌ಗೆ ಆಕ್ಸೆಸ್ ಕೀ. ಒಂದನ್ನು ಮುಚ್ಚಿದರೆ ಇನ್ನೊಂದು ಮುಚ್ಚಲ್ಲ. ಕನ್ಸೋಲ್ ಲಾಗಿನ್‌ಗೆ ಎಂಎಫ್‌ಎ ಹಾಕಿದ್ದರೂ, ಪಾಲಿಸಿಯಲ್ಲಿ ಹಾಗಂತ ಬರೆಯದ ಹೊರತು ಕೀ ಅದನ್ನು ಕೇಳಲ್ಲ. ನಾನು ಮುಂಬಾಗಿಲಿಗೆ ಬೀಗ ಹಾಕಿ, ಹಿತ್ತಲ ಬಾಗಿಲು ತೆರೆದಿಟ್ಟು ಬಂದಿದ್ದೆ. ಅದೇ ಪುಟದಲ್ಲಿ ಸ್ವಲ್ಪ ಕೆಳಗೆ ಹೋಗಿದ್ದರೆ ಕೀ ಕಾಣ್ತಿತ್ತು.

ಗಾಬರಿಯಲ್ಲಿ ಎರಡನೇ ತಪ್ಪು ಮಾಡಿದೆ. ಆ ಕೀಯನ್ನು ತಕ್ಷಣ ಡಿಲೀಟ್ ಮಾಡಿದೆ. ಜೊತೆಗೆ, 'ಬಿಟ್ಟು ಹೋದಮೇಲೂ ಒಳಗೆ ಬರ್ತಿದ್ದಾರೆ' ಅಂತ ಇಬ್ಬರ ಹತ್ರ ಹೇಳಿಯೂ ಬಿಟ್ಟೆ.

ಮೂರು ದಿನ ಕಳೆದು ಗ್ರಾಹಕರೊಬ್ಬರು ಕೈತಪ್ಪಿ ಒಂದು ಟೇಬಲ್ ಅಳಿಸಿ, 'ನಿನ್ನೆಯ ಬ್ಯಾಕಪ್ ಹಾಕಿಕೊಡಿ' ಅಂದ್ರು. ಬ್ಯಾಕಪ್ ಇರಲಿಲ್ಲ. ರಾತ್ರಿಯ ಬ್ಯಾಕಪ್ ಸ್ಕ್ರಿಪ್ಟ್ ಓಡ್ತಿದ್ದದ್ದೇ ಆ ಕೀಯಿಂದ, ಅದೂ ನಮ್ಮದೇ ಸರ್ವರ್‌ನಲ್ಲಿ! ರಿಪೋರ್ಟಿನ ಅದೇ ಸಾಲಿನಲ್ಲಿ, ಕೊನೆಗೆ ಬಳಸಿದ ಸೇವೆ ಎಸ್3 ಅಂತ ಇತ್ತು. ನಾನು ಓದಿರಲಿಲ್ಲ. ಗ್ರಾಹಕರ ಕಡೆಯವರು ಮೂರು ದಿನದ ಬಿಲ್ಲುಗಳನ್ನು ಕೈಯಾರೆ ಮತ್ತೆ ಎಂಟ್ರಿ ಮಾಡಿದ್ರು. ನಾನು ಆ ಸಹೋದ್ಯೋಗಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. 'ಹ್ಯಾಂಡೋವರ್ ಡಾಕ್ಯುಮೆಂಟ್‌ನಲ್ಲಿ ಬರೆದಿದ್ದೆ ಮಾರಾಯ' ಅಂದ್ರು. ಅದನ್ನೂ ನಾನು ಓದಿರಲಿಲ್ಲ.

ಈಗ ನಾನು ಮಾಡೋದು ಹೀಗೆ. ಯಾರಾದರೂ ಬಿಟ್ಟರೆ ಪಾಸ್‌ವರ್ಡ್ ತೆಗೆದ ಮೇಲೆ, ಕಮಾಂಡ್ ಲೈನ್‌ನಲ್ಲಿ 'ಎಡಬ್ಲ್ಯುಎಸ್ ಐಎಎಂ ಲಿಸ್ಟ್-ಆಕ್ಸೆಸ್-ಕೀಸ್' ಓಡಿಸ್ತೀನಿ. ಒಬ್ಬ ಯೂಸರ್‌ಗೆ 2 ಕೀವರೆಗೆ ಇರಬಹುದು, ಆದ್ದರಿಂದ ಎರಡನ್ನೂ ನೋಡಬೇಕು. ಆಮೇಲೆ 'ಗೆಟ್-ಆಕ್ಸೆಸ್-ಕೀ-ಲಾಸ್ಟ್-ಯೂಸ್ಡ್'. ಯಾವಾಗ, ಯಾವ ಸೇವೆಗೆ ಬಳಸಿದ್ರು ಅಂತ ಅದು ಹೇಳುತ್ತೆ. ನಂತರ 'ಅಪ್‌ಡೇಟ್-ಆಕ್ಸೆಸ್-ಕೀ' ಕೊಟ್ಟು ಕೀಯನ್ನು ಇನ್‌ಆಕ್ಟಿವ್ ಮಾಡ್ತೀನಿ, ಡಿಲೀಟ್ ಅಲ್ಲ. ಇನ್‌ಆಕ್ಟಿವ್ ಆದದ್ದನ್ನು ಮತ್ತೆ ಚಾಲೂ ಮಾಡಬಹುದು, ಡಿಲೀಟ್ ಆದದ್ದು ವಾಪಸ್ ಬರಲ್ಲ. ಕೆಲವು ದಿನ ಏನೂ ಕೆಡದಿದ್ದರೆ ಆಗ ಡಿಲೀಟ್.

ಸರ್ವರ್‌ಗೆ ಮನುಷ್ಯರ ಕೀ ಕೊಡಲೇಬೇಡಿ, ರೋಲ್ ಕೊಡಿ. ಮನುಷ್ಯರಿಗೆ ಐಡೆಂಟಿಟಿ ಸೆಂಟರ್ ಒಳ್ಳೇದು. 'ಎಡಬ್ಲ್ಯುಎಸ್ ಎಸ್‌ಎಸ್‌ಒ ಲಾಗಿನ್' ಅಂದ್ರೆ ಬ್ರೌಸರ್ ತೆರೆದುಕೊಳ್ಳುತ್ತೆ, ಕೆಲವು ಗಂಟೆಗಳ ತಾತ್ಕಾಲಿಕ ಕೀ ಸಿಗುತ್ತೆ. ಅಲ್ಲಿ ಯೂಸರ್ ತೆಗೆದರೆ ಕನ್ಸೋಲ್‌ಗೂ ಕಮಾಂಡ್ ಲೈನ್‌ಗೂ ಹೊಸ ಲಾಗಿನ್ ನಿಲ್ಲುತ್ತೆ. ಮೊದಲೇ ಪಡೆದ ಕೀ ಮಾತ್ರ ಅವಧಿ ಮುಗಿಯೋವರೆಗೂ ನಡೆಯುತ್ತೆ, ಅದು ನೆನಪಿರಲಿ.

ಇವತ್ತು ಸಂಜೆ ನಿಮ್ಮ ಖಾತೆಯ ಕ್ರೆಡೆನ್ಷಿಯಲ್ ರಿಪೋರ್ಟ್ ಒಮ್ಮೆ ತೆಗೆದು ನೋಡಿ. ಬಿಟ್ಟು ಹೋದವರ ಹೆಸರು ಕಂಡರೆ, ಅವರನ್ನು ಅನುಮಾನಿಸೋ ಮೊದಲು ಆ ಸಾಲನ್ನು ಪೂರ್ತಿ ಓದಿ.