ತೆರೆಯ ಮೇಲೆ ನಮ್ಮೂರ ಹೆಸರು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಮೊಬೈಲಿನಲ್ಲಿ ಕನ್ನಡದ ಜಾಗದಲ್ಲಿ ಖಾಲಿ ಚೌಕ, ಪ್ರಶ್ನಾರ್ಥಕ ಚಿಹ್ನೆ ಏಕೆ ಬರುತ್ತವೆ ಎಂದು ಊರಿಗೆ ಬಂದಾಗಲೆಲ್ಲ ಹಲವರು ಕೇಳುತ್ತಾರೆ. ನಮ್ಮೂರಿನ ಹೆಸರನ್ನೇ ಇಟ್ಟುಕೊಂಡು ಅದನ್ನು ಹೇಳುತ್ತೇನೆ.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಗೊತ್ತು. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಏರ್ಪಾಡೇ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 3221.

‘ಕಾರ್ಗಲ್’ ನಮ್ಮ ಕಣ್ಣಿಗೆ ಮೂರು ಅಕ್ಷರ. ಯಂತ್ರಕ್ಕೆ ಏಳು ಸಂಖ್ಯೆ: ಕ, ದೀರ್ಘದ ಚಿಹ್ನೆ, ರ, ಅರ್ಧಾಕ್ಷರದ ಚಿಹ್ನೆ, ಗ, ಲ, ಮತ್ತೆ ಅರ್ಧಾಕ್ಷರದ ಚಿಹ್ನೆ. ‘ಗ’ಕ್ಕಿಂತ ಮೊದಲು ಕುಳಿತ ‘ರ’ವನ್ನು ಅರ್ಕಾವತ್ತು ಮಾಡಿ ಅದರ ಬಲಕ್ಕೆ ತೋರಿಸುವುದು ಫಾಂಟಿನ ಕೆಲಸ. ಇಂಗ್ಲಿಷಿನಲ್ಲಿ ಈ ಹೆಸರಿಗೆ ಆರೇ ಅಕ್ಷರ. ಆ ಲೆಕ್ಕ ಹಿಡಿದು ಆ್ಯಪಿನಲ್ಲಿ ಆರಕ್ಕೆ ಮಿತಿ ಹಾಕಿದರೆ ನಮ್ಮೂರು ‘ಕಾರ್ಗಲ’ ಆಗುತ್ತದೆ!

ಚೌಕ ಕಂಡರೆ ಹೆದರಬೇಡಿ. ಫಾಂಟಿನಲ್ಲಿ ಆ ಅಕ್ಷರದ ರೂಪವಿಲ್ಲ ಅಷ್ಟೆ, ಸಂಖ್ಯೆ ಸಾಮಾನ್ಯವಾಗಿ ಒಳಗೆ ಭದ್ರವಾಗಿರುತ್ತದೆ. ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಎಚ್ಚರ. ಬಹುಮಟ್ಟಿಗೆ ಸಂಖ್ಯೆಯೇ ಅಳಿಸಿಹೋಗಿರುತ್ತದೆ. ಹಾಗೇ ಉಳಿಸಿದರೆ ಹೆಸರು ಮರಳಿ ಸಿಗದು.

ಕಣ್ಣಿಗೆ ಕಾಣದ ಚಿಹ್ನೆಗಳೂ ಇವೆ. ‘ಜೋಗ್‌ಫಾಲ್ಸ್’ ಎಂದು ಬಿಡಿಸಿ ತೋರಿಸಲು ‘ಗ್’ ಆದಮೇಲೆ ಅಂಥದ್ದೊಂದು ಬೇಕು. ಬೇಡದ ವಸ್ತುವೆಂದು ಆ್ಯಪ್ ಅದನ್ನು ಗುಡಿಸಿಹಾಕಿದರೆ ‘ಜೋಗ್ಫಾಲ್ಸ್’ ಎಂದು ಒತ್ತಕ್ಷರ ಬೀಳುತ್ತದೆ. ‘ರ‍್ಯಾಂಕ್’ ಪದದಲ್ಲೂ ಹೀಗೆಯೇ. ಅಲ್ಲಿನ ಚಿಹ್ನೆ ಹೋದರೆ ‘ರ್ಯಾಂಕ್’ ಎಂದು ಅರ್ಕಾವತ್ತು ಬರುತ್ತದೆ. ಕನ್ನಡ ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದ ತಪ್ಪು ಇದೇ.

ಇದು ಬರೀ ಅಂದಚಂದದ ಮಾತಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಹಿನ್ನೀರಿನಲ್ಲಿ ಮುಳುಗಿದ ಊರುಗಳು ಇಂದು ಹಿರಿಯರ ನೆನಪಿನಲ್ಲಿ, ಹಳೆಯ ಕಾಗದಗಳಲ್ಲಿ ಹೆಸರಾಗಿ ಉಳಿದಿವೆ. ಆ ಕಾಗದಗಳು ಕಂಪ್ಯೂಟರಿಗೆ ಏರುವಾಗ ಹೆಸರು ಕೆಟ್ಟರೆ, ಹುಡುಕಿದವರಿಗೆ ಆ ಊರು ಸಿಗುವುದಿಲ್ಲ. ನೀರಿನಲ್ಲಿ ಹೋದದ್ದು ತೆರೆಯ ಮೇಲೂ ಹೋದಂತೆ.

ಆದ್ದರಿಂದ ಒಂದು ವಿನಂತಿ. ಕನ್ನಡ ಕೆಟ್ಟು ಕಂಡಾಗ ಇಂಗ್ಲಿಷಿಗೆ ಬದಲಾಯಿಸಿ ಸುಮ್ಮನಾಗಬೇಡಿ. ತೆರೆಯ ಚಿತ್ರ ತೆಗೆದು ಆ್ಯಪಿನವರಿಗೆ ಕಳುಹಿಸಿ. ದೂರು ಬಂದರೆ ತಿದ್ದುತ್ತೇವೆ. ಬಾರದಿದ್ದರೆ ಎಲ್ಲ ಸರಿಯಿದೆ ಎಂದುಕೊಳ್ಳುತ್ತೇವೆ. ಮಕ್ಕಳೇ, ನಿಮ್ಮಲ್ಲಿ ಯಾರಾದರೂ ಮುಂದೆ ಆ್ಯಪ್ ಮಾಡಿದರೆ ಮೊದಲು ‘ಕಾರ್ಗಲ್’ ಎಂದು ಬರೆದು ಪರೀಕ್ಷಿಸಿ.