ಕಲೆ ಮತ್ತು ಸಮಾಜ ಕಾರ್ಯಗಳಿಗೆ ಆರ್ಥಿಕ ಆಶ್ರಯ ಕೋರುವ ಬಗೆ

(ಉತ್ಸವದ ಅಂಗವಾಗಿ ಕುರಿಚಿಯಲ್ಲಿ ಏರ್ಪಟ್ಟ ಸಾಂಸ್ಕೃತಿಕ ಸಭೆಯ ಉಪನ್ಯಾಸದ ಪೂರ್ಣಪಾಠ)



ಹತ್ತು ಜನರ ಹಣದಿಂದ ಒಂದು ಕಾರ್ಯವನ್ನು ನಡೆಸುವುದು ಹೇಗೆಂಬುದನ್ನು ಉತ್ಸವ ಮಾಡಿದ ಊರಿಗೆ ಹೇಳಿಕೊಡಬೇಕಾಗಿಲ್ಲ. ಮನೆಗೆ ಇಷ್ಟೆಂದು ವರಿ ಗೊತ್ತುಮಾಡುತ್ತಾರೆ. ರಸೀದಿ ಪುಸ್ತಕ ಹಿಡಿದು ಬೀದಿ ಬೀದಿ ಸುತ್ತುತ್ತಾರೆ. ಚಪ್ಪರ, ದೀಪ, ವಾದ್ಯ, ಅನ್ನದಾನ ಎಲ್ಲವೂ ನಡೆಯುತ್ತವೆ. ಕೊನೆಗೆ ಲೆಕ್ಕ ಒಪ್ಪಿಸುತ್ತಾರೆ. ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತು ಇಲ್ಲಿ ವರ್ಷವರ್ಷವೂ ನಿಜವಾಗುತ್ತದೆ. ಆದರೆ ಉತ್ಸವ ಮುಗಿದ ಮೇಲೆ ನಾಲ್ಕು ಮಂದಿ ಯುವಕ ಯುವತಿಯರು ಕಲೆಗಾಗಿಯೋ ವಿದ್ಯೆಗಾಗಿಯೋ ಹಣ ಕೂಡಿಸಲು ಹೊರಟರೆ ಅವರಿಗೆ ಎದುರಾಗುವ ಮೊದಲ ಪ್ರಶ್ನೆಯೇ ಬೇರೆ: "ನಿಮ್ಮ ಸಂಸ್ಥೆ ನೋಂದಣಿಯಾಗಿದೆಯೇ?" ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಇಂದಿನ ಉಪನ್ಯಾಸದ ವಿಷಯ.

ಕೊಯಮತ್ತೂರು ಸೀಮೆಗೂ ಕನ್ನಡಕ್ಕೂ ಇರುವ ನಂಟು ಹಳೆಯದು. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾಗುವವರೆಗೆ ಈ ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. 1956ರ ರಾಜ್ಯ ಪುನರ್ವಿಂಗಡಣೆಯ ತನಕ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಮಗ್ಗದ ಮನೆಗಳಲ್ಲಿ ದೇವಾಂಗ ಸಮಾಜದವರೂ, ಹೊಲಗದ್ದೆಗಳ ನಡುವೆ ಒಕ್ಕಲಿಗರೂ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದಿದ್ದಾರೆ. ಶಾಲೆ ತಮಿಳಿನದು, ವ್ಯವಹಾರ ತಮಿಳಿನದು, ಅಡುಗೆಮನೆ ಕನ್ನಡದ್ದು. ಮಾತು ನಾಲಿಗೆಯ ಮೇಲಿದೆ. ಅಕ್ಷರದ ಪರಿಚಯ ಬಹುತೇಕ ಮಕ್ಕಳಿಗೆ ಇಲ್ಲ. ಆದ್ದರಿಂದ ಇಲ್ಲಿಯ ಅಜ್ಜಿಯರಿಗೆ ಗೊತ್ತಿರುವ ಮದುವೆಯ ಹಾಡು, ತೊಟ್ಟಿಲ ಹಾಡುಗಳು ಯಾವ ಪುಸ್ತಕದಲ್ಲಿಯೂ ಇಲ್ಲದೆ ಅವರ ನೆನಪಿನಲ್ಲಿ ಮಾತ್ರ ಉಳಿದಿರುವುದು ಸಹಜ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಕುರಿಚಿಯ ಐದಾರು ಯುವಕ ಯುವತಿಯರು ಆ ಹಾಡುಗಳನ್ನು ಧ್ವನಿಮುದ್ರಿಸಬೇಕು, ಭಾನುವಾರ ಸಂಜೆ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಬೇಕು, ವರ್ಷದ ಕೊನೆಗೆ ಮಕ್ಕಳಿಂದಲೇ ಆ ಹಾಡುಗಳನ್ನು ಹಾಡಿಸಬೇಕು ಎಂದು ಸಂಕಲ್ಪಿಸುತ್ತಾರೆ. ಖರ್ಚು ಮೂರು ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಉದಾರ ಮನಸ್ಸಿನ ಗಿರಣಿ ಮಾಲೀಕರೊಬ್ಬರು ಒಂದು ಲಕ್ಷ ಕೊಡಲು ಸಿದ್ಧರಿದ್ದಾರೆ. ಆದರೆ ಚೆಕ್ಕನ್ನು ಯಾರ ಹೆಸರಿಗೆ ಬರೆಯಬೇಕು? ಯುವಕರಲ್ಲಿ ಒಬ್ಬನ ಸ್ವಂತ ಖಾತೆಗೆ ಬರೆದರೆ ನಾಳೆ ತೆರಿಗೆ ಇಲಾಖೆ ಕೇಳುವುದೂ ಅವನನ್ನೇ, ಊರವರು ಅನುಮಾನಿಸುವುದೂ ಅವನನ್ನೇ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಹುಟ್ಟಿದ್ದೇ ಇಂಥ ಕಡೆ.

ಹಾಗಾದರೆ ತಾವೇ ಒಂದು ಸಂಘ ಕಟ್ಟಬಾರದೇ? ಕಟ್ಟಬಹುದು. 1975ರ ತಮಿಳುನಾಡು ಸಂಘಗಳ ನೋಂದಣಿ ಕಾಯ್ದೆಯಂತೆ ಏಳು ಮಂದಿ ಸೇರಿದರೆ ಸಂಘವಾಗುತ್ತದೆ. ಕಷ್ಟವಿರುವುದು ಅನಂತರದ ಕಾಯುವಿಕೆಯಲ್ಲಿ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜ ಕಾರ್ಯಕ್ಕೆ ವಿನಿಯೋಗಿಸಬೇಕು. ಕಲೆ ಮತ್ತು ಸಂಸ್ಕೃತಿಯ ರಕ್ಷಣೆಯೂ ಆ ಪಟ್ಟಿಯಲ್ಲಿದೆ. ಆದರೆ ಹೊರಗಿನ ಸಂಸ್ಥೆಯೊಂದು ಆ ಹಣ ಪಡೆಯಬೇಕಾದರೆ ತೆರಿಗೆ ಇಲಾಖೆಯ ಮಾನ್ಯತೆಗಳ ಜೊತೆಗೆ ಮೂರು ವರ್ಷ ಕೆಲಸ ಮಾಡಿದ ದಾಖಲೆಯೂ ಬೇಕು. ವಿದೇಶದ ಹಣ ಪಡೆಯಲು ಕೇಂದ್ರ ಸರ್ಕಾರದಲ್ಲಿ ನೋಂದಣಿಯಾಗಬೇಕಾದರೂ ಸಾಮಾನ್ಯವಾಗಿ ಮೂರು ವರ್ಷದ ಅಸ್ತಿತ್ವ ಮತ್ತು ಆ ಅವಧಿಯಲ್ಲಿ 15 ಲಕ್ಷ ರೂಪಾಯಿಗಳ ಸೇವಾಕಾರ್ಯದ ಖರ್ಚು ತೋರಿಸಬೇಕು. ಕಾನೂನು ಹೀಗೆ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಎಂಬತ್ತೈದು ವರ್ಷದ ಅಜ್ಜಿಯ ನೆನಪು ಮೂರು ವರ್ಷ ಕಾಯುವುದೆಂದು ಯಾರು ಭರವಸೆ ಕೊಡಬಲ್ಲರು?

ಇಲ್ಲಿಯೇ ಆರ್ಥಿಕ ಆಶ್ರಯದ ಪ್ರಯೋಜನ. ಅಮೆರಿಕದಲ್ಲಿ ಇದನ್ನು ಫಿಸ್ಕಲ್ ಸ್ಪಾನ್ಸರ್‌ಶಿಪ್ ಎನ್ನುತ್ತಾರೆ. ತೆರಿಗೆ ವಿನಾಯಿತಿ ಪಡೆದ ಸ್ಥಾಪಿತ ಸಂಸ್ಥೆಯೊಂದು, ಅಂಥ ಮಾನ್ಯತೆಯಿಲ್ಲದ ಸಣ್ಣ ತಂಡದ ಯೋಜನೆಯನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡು, ದೇಣಿಗೆ ಸ್ವೀಕರಿಸಿ, ರಸೀದಿ ಕೊಟ್ಟು, ಲೆಕ್ಕ ಇಟ್ಟು, ಹಣ ಸದ್ವಿನಿಯೋಗವಾಗುವಂತೆ ನೋಡಿಕೊಳ್ಳುವುದೇ ಈ ಪದ್ಧತಿ. ಅದರ ಶ್ರಮಕ್ಕಾಗಿ ಬಂದ ಹಣದಲ್ಲಿ ಶೇಕಡಾ 5ರಿಂದ 10ರವರೆಗೆ ಆಡಳಿತ ವೆಚ್ಚವೆಂದು ಹಿಡಿದುಕೊಳ್ಳುವುದು ಅಲ್ಲಿ ವಾಡಿಕೆ. ಗ್ರೆಗರಿ ಕಾಲ್ವಿನ್ ಎಂಬ ವಕೀಲರು 1993ರಲ್ಲಿ ಈ ಬಗ್ಗೆ ಪುಸ್ತಕ ಬರೆದು ಆರು ಬಗೆಗಳನ್ನು ವಿವರಿಸಿದರು. ಅವುಗಳಲ್ಲಿ ಎರಡು ಮುಖ್ಯ. ಒಂದರಲ್ಲಿ ಯೋಜನೆಯು ಆಶ್ರಯದಾತ ಸಂಸ್ಥೆಯ ಸ್ವಂತ ಚಟುವಟಿಕೆಯೇ ಆಗಿಬಿಡುತ್ತದೆ. ಇನ್ನೊಂದರಲ್ಲಿ ತಂಡ ಪ್ರತ್ಯೇಕವಾಗಿಯೇ ಉಳಿದು, ಸಂಸ್ಥೆಯು ತಾನು ಸ್ವೀಕರಿಸಿದ ಹಣವನ್ನು ಅದಕ್ಕೆ ಅನುದಾನವಾಗಿ ಕೊಡುತ್ತದೆ.

ಹೆಸರು ಹೊಸದಾದರೂ ಭಾವನೆ ಕನ್ನಡಿಗರಿಗೆ ಹೊಸದಲ್ಲ. ಕರಾವಳಿಯಲ್ಲಿ ಕಟೀಲು, ಧರ್ಮಸ್ಥಳ, ಮಂದಾರ್ತಿ ಮೊದಲಾದ ಕ್ಷೇತ್ರಗಳ ಹೆಸರಿನಲ್ಲಿ ಯಕ್ಷಗಾನ ಮೇಳಗಳು ತಿರುಗುತ್ತವೆ. ಹರಕೆ ಹೊತ್ತವರು ಕ್ಷೇತ್ರವನ್ನು ನಂಬಿ ಆಟ ಗೊತ್ತುಮಾಡುತ್ತಾರೆ. ಆ ನಂಬಿಕೆಯ ನೆರಳಿನಲ್ಲಿ ಕಲಾವಿದ ಬಾಳುತ್ತಾನೆ. ಮಲೆನಾಡಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಸಂಸ್ಥೆಯ ಪೂರ್ಣ ಹೆಸರೇ ನೀಲಕಂಠೇಶ್ವರ ನಾಟ್ಯಸೇವಾ ಸಂಘ. ದೇವರ ಹೆಸರಿಟ್ಟುಕೊಂಡ ಊರಿನ ಆ ಹವ್ಯಾಸಿ ಸಂಘದ ಆಶ್ರಯದಲ್ಲಿಯೇ 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ ಎಂಬ ಸಂಚಾರಿ ನಾಟಕ ತಂಡ ಬೆಳೆದವು. ಅದನ್ನು ಕಟ್ಟಿದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಇವು ಅಮೆರಿಕದ ಪದ್ಧತಿಯ ಪಡಿಯಚ್ಚುಗಳಲ್ಲ. ಆದರೆ ಜನರ ವಿಶ್ವಾಸ ಗಳಿಸಿದ ಒಂದು ಸಂಸ್ಥೆಯ ಸೂರಿನಡಿ ಹಲವು ಕಾರ್ಯಗಳು ಬೆಳೆಯಬಲ್ಲವೆಂಬುದಕ್ಕೆ ಸಾಕ್ಷಿಗಳು.

ಭಾರತದ ಕಾನೂನಿನಲ್ಲಿ ಆರ್ಥಿಕ ಆಶ್ರಯವೆಂಬ ಪ್ರತ್ಯೇಕ ಅಧ್ಯಾಯವಿಲ್ಲ. ಆದ್ದರಿಂದ ಇಲ್ಲಿಗೆ ಕ್ಷೇಮವಾದುದು ಮೊದಲನೆಯ ಬಗೆ: ಟ್ರಸ್ಟು ಯೋಜನೆಯನ್ನು ತನ್ನದೇ ಕಾರ್ಯಕ್ರಮವೆಂದು ಸ್ವೀಕರಿಸಿ ನಡೆಸುವುದು. ರಸೀದಿ ಪುಸ್ತಕವನ್ನು ಮಾತ್ರ ಎರವಲು ಕೊಟ್ಟು, "ಹಣ ನಿಮ್ಮದು, ಹೆಸರು ನಮ್ಮದು" ಎಂದು ಕೈತೊಳೆದುಕೊಳ್ಳುವುದು ಆಶ್ರಯವಲ್ಲ. ಅದು ದಾನಿಗೂ ಸರ್ಕಾರಕ್ಕೂ ಮಾಡುವ ಮೋಸ; ಅದರಿಂದ ಟ್ರಸ್ಟಿನ ಮಾನ್ಯತೆಗೇ ಕುತ್ತು ಬರಬಹುದು. ಹಲವು ವರ್ಷಗಳಿಂದ ಶಾಲೆಯನ್ನೋ ವಿದ್ಯಾರ್ಥಿವೇತನವನ್ನೋ ನಡೆಸಿಕೊಂಡು ಬಂದ ಟ್ರಸ್ಟು ಒಂದು ಮೂರು ಲಕ್ಷದ ಯೋಜನೆಯಿಂದಾಗಿ ಮಾನ್ಯತೆ ಕಳೆದುಕೊಂಡರೆ ನಷ್ಟ ಇಡೀ ಸಮಾಜಕ್ಕೆ. ಆದುದರಿಂದ ಆಶ್ರಯ ಕೇಳಿದ ಕೂಡಲೇ ಟ್ರಸ್ಟಿನ ಹಿರಿಯರು ಹಿಂದೆಮುಂದೆ ನೋಡಿದರೆ ಯುವಕರು ಮುನಿಸಿಕೊಳ್ಳಬಾರದು.

ಇನ್ನು ಅರ್ಜಿಯ ಕ್ರಮ. ಮೊದಲನೆಯದಾಗಿ ತಂಡವು ತನ್ನ ಕೆಲಸವನ್ನು ಎರಡು ಪುಟಗಳಲ್ಲಿ ಬರೆದಿಟ್ಟುಕೊಳ್ಳಬೇಕು: ಉದ್ದೇಶವೇನು, ಯಾರಿಗಾಗಿ, ಎಷ್ಟು ತಿಂಗಳು, ಯಾವುದಕ್ಕೆ ಎಷ್ಟು ಖರ್ಚು, ಈಗಾಗಲೇ ಎಷ್ಟು ಕೆಲಸವಾಗಿದೆ. ಹತ್ತು ಹಾಡುಗಳನ್ನು ಮೊಬೈಲಿನಲ್ಲಾದರೂ ಮುದ್ರಿಸಿಕೊಂಡು ಹೋದ ತಂಡದ ಮಾತಿಗೆ ಬರಿಗೈಯಲ್ಲಿ ಹೋದ ತಂಡದ ಮಾತಿಗಿಂತ ತೂಕ ಹೆಚ್ಚು.

ಎರಡನೆಯದಾಗಿ ತಕ್ಕ ಟ್ರಸ್ಟನ್ನು ಆರಿಸಿಕೊಳ್ಳಬೇಕು. ಅದರ ಟ್ರಸ್ಟ್ ಪತ್ರದ ಉದ್ದೇಶಗಳಲ್ಲಿ ಕಲೆ, ಸಂಸ್ಕೃತಿ ಅಥವಾ ಶಿಕ್ಷಣ ಸೇರಿದೆಯೇ ಎಂದು ನೋಡಬೇಕು. ಮೂರು ವರ್ಷಗಳ ಲೆಕ್ಕಪರಿಶೋಧನೆಯ ವರದಿಯನ್ನು ವಿನಯದಿಂದ ಕೇಳಿ ನೋಡಬೇಕು. 80ಜಿ ಎಂದು ಜನಜನಿತವಾದ, ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ ಮಾನ್ಯತೆ ಇದೆಯೇ ಎಂದು ವಿಚಾರಿಸಬೇಕು. ಆ ಹೆಸರು 1961ರ ಆದಾಯ ತೆರಿಗೆ ಕಾಯ್ದೆಯ ವಿಧಿಯಿಂದ ಬಂದದ್ದು. 2025ರ ಹೊಸ ಕಾಯ್ದೆಯಲ್ಲಿ ವಿಧಿಗಳ ಸಂಖ್ಯೆ ಬದಲಾಗಿರುವುದರಿಂದ ಲೆಕ್ಕಪರಿಶೋಧಕರನ್ನು ಕೇಳಿ ಸರಿಯಾದ ಸಂಖ್ಯೆಯನ್ನು ರಸೀದಿಯಲ್ಲಿ ನಮೂದಿಸಬೇಕು. ಒಂದೇ ಜಾತಿ ಅಥವಾ ಒಂದೇ ಮತದವರ ಹಿತಕ್ಕೆಂದು ಸ್ಥಾಪಿತವಾದ ಟ್ರಸ್ಟಿಗೆ ಈ ಮಾನ್ಯತೆ ದೊರೆಯದು. ಎರಡು ಸಾವಿರ ರೂಪಾಯಿಗೆ ಮೀರಿದ ನಗದು ದೇಣಿಗೆಗೆ ರಿಯಾಯಿತಿಯಿಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ದಾನಿಗೂ ಇದು ಸಿಗುವುದಿಲ್ಲ. ಇವನ್ನೆಲ್ಲ ಮೊದಲೇ ಹೇಳದೆ ಹಣ ಪಡೆದು ಆಮೇಲೆ ದಾನಿಯ ಮುಂದೆ ತಲೆತಗ್ಗಿಸುವಂತೆ ಆಗಬಾರದು.

ಮೂರನೆಯದಾಗಿ ಅರ್ಜಿಗೆ ಉತ್ತರ ಬಾಯಿಮಾತಿನಲ್ಲಿ ಬಂದರೆ ಸಾಲದು. ಟ್ರಸ್ಟಿನ ಸಭೆಯಲ್ಲಿ ನಿರ್ಣಯವಾಗಿ, ಅದು ನಡವಳಿ ಪುಸ್ತಕದಲ್ಲಿ ದಾಖಲಾಗಬೇಕು. ಬಳಿಕ ಒಂದು ಒಪ್ಪಂದ ಪತ್ರವಾಗಬೇಕು. ಯೋಜನೆಯ ಹಣಕ್ಕೆ ಪ್ರತ್ಯೇಕ ಲೆಕ್ಕದ ಪುಸ್ತಕ, ಸಾಧ್ಯವಾದರೆ ಪ್ರತ್ಯೇಕ ಬ್ಯಾಂಕ್ ಖಾತೆ. ಖರ್ಚಿಗೆ ಮಂಜೂರಾತಿ ಕೊಡುವವರು ಯಾರು. ಬಿಲ್ಲು ಎಷ್ಟು ದಿನದೊಳಗೆ ಪಾವತಿಯಾಗಬೇಕು. ಆಡಳಿತ ವೆಚ್ಚವೆಷ್ಟು – ಇವೆಲ್ಲ ಅದರಲ್ಲಿರಬೇಕು. ಮೂರು ಲಕ್ಷಕ್ಕೆ ಶೇಕಡಾ 5 ಎಂದರೆ 15,000 ರೂಪಾಯಿ. ಕೆಲಸಕ್ಕೆ ಉಳಿಯುವುದು 2,85,000. ಇದನ್ನು ಮೊದಲೇ ಅಂದಾಜಿನಲ್ಲಿ ಸೇರಿಸಿದರೆ ಆಮೇಲೆ ಮನಸ್ತಾಪವಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಆದರೆ ಎಲ್ಲರೂ ಮರೆಯುವ ಸಂಗತಿ ಮತ್ತೊಂದಿದೆ. ಧ್ವನಿಮುದ್ರಣಗಳು ಕೊನೆಗೆ ಯಾರಿಗೆ ಸೇರಬೇಕು? ನಾಳೆ ತಂಡ ಸ್ವಂತ ಸಂಘ ಕಟ್ಟಿಕೊಂಡು ಹೊರಡುವುದಾದರೆ ಉಳಿದ ಹಣ, ಕೊಂಡ ಯಂತ್ರ ಯಾರ ಪಾಲು? ಹಾಡಿದ ಅಜ್ಜಿಯ ಒಪ್ಪಿಗೆ ಪಡೆಯಲಾಗಿದೆಯೇ? ಕೂಡುವಾಗ ಬರೆದಿಡದ ಮಾತು ಅಗಲುವಾಗ ಜಗಳವಾಗುತ್ತದೆ. ಮನೆ ಪಾಲಾದವರೆಲ್ಲರಿಗೂ ಇದು ಗೊತ್ತು.

ದೇವಸ್ಥಾನದ ಮಟ್ಟಿಗೂ ಒಂದು ಎಚ್ಚರ ಬೇಕು. 1959ರ ಹಿಂದೂ ಧಾರ್ಮಿಕ ಹಾಗೂ ಧರ್ಮಾದಾಯ ದತ್ತಿಗಳ ಕಾಯ್ದೆಗೆ ಒಳಪಟ್ಟ ದೇವಾಲಯದ ಹಣವನ್ನು ಸಮಿತಿಯು ತನ್ನಿಷ್ಟದಂತೆ ಬೇರೆ ಕೆಲಸಕ್ಕೆ ತಿರುಗಿಸಲಾಗದು. ಹುಂಡಿಯ ಹಣ ಬೇರೆ, ಉತ್ಸವದ ಚಂದಾ ಬೇರೆ, ಕಲೆಯ ಯೋಜನೆಯ ಹಣ ಬೇರೆ. ಸಮಿತಿಯು ಧಾರಾಳವಾಗಿ ಕೊಡಬಹುದಾದದ್ದು ಜಾಗ, ಸಭೆ ಸೇರಿಸುವ ಶಕ್ತಿ ಮತ್ತು ಹಿರಿಯರ ಮಾತಿನ ಬಲ. ಅದೇನೂ ಸಣ್ಣದಲ್ಲ.

ಹೊರದೇಶಗಳಲ್ಲಿರುವ ಬಂಧುಗಳ ಹಣದ ವಿಷಯದಲ್ಲಂತೂ ಇನ್ನೂ ಜಾಗರೂಕತೆ ಬೇಕು. ಭಾರತದ ಪೌರತ್ವವನ್ನು ಉಳಿಸಿಕೊಂಡಿರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಆದರೆ ಅಲ್ಲಿಯ ಪೌರರಾದವರು ಕೊಟ್ಟರೆ, ಮಗಳಾಗಲಿ ಅಳಿಯನಾಗಲಿ, ಕಾನೂನಿನ ಕಣ್ಣಿಗೆ ಅದು ವಿದೇಶಿ ದೇಣಿಗೆಯೇ. 2010ರ ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಒಂದು ಸಂಸ್ಥೆ ಪಡೆದ ಇಂಥ ಹಣವನ್ನು ಮತ್ತೊಬ್ಬರಿಗೆ ವರ್ಗಾಯಿಸುವಂತಿಲ್ಲ. ಹೀಗಾಗಿ ಹಣ ಪಡೆದು ತಂಡಕ್ಕೆ ಅನುದಾನ ಕೊಡುವ ಎರಡನೆಯ ಬಗೆ ಇಲ್ಲಿ ಪೂರ್ತಿ ಮುಚ್ಚಿದ ಬಾಗಿಲು. ನೋಂದಣಿ ಪಡೆದ ಸಂಸ್ಥೆ ತಾನೇ ಕೆಲಸ ನಡೆಸಿದರೆ ಮಾತ್ರ ದಾರಿ ಇದೆ.

ಪ್ರತಿಯೊಂದು ಕೆಲಸಕ್ಕೂ ಆಶ್ರಯ ಬೇಕೆಂದೇನೂ ಇಲ್ಲ. ಬೆಂಗಳೂರಿನಲ್ಲಿ 1993ರಲ್ಲಿ ಸ್ಥಾಪಿತವಾದ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ 1995ರಿಂದ ಕಲಾವಿದರಿಗೂ ಸಂಶೋಧಕರಿಗೂ ಅನುದಾನ ನೀಡುತ್ತ ಬಂದಿದೆ. ಅಲ್ಲಿಗೆ ವ್ಯಕ್ತಿಗಳು ತಮ್ಮ ಹೆಸರಿನಲ್ಲಿಯೇ ಅರ್ಜಿ ಸಲ್ಲಿಸಬಹುದು. ಐದು ಸಾವಿರ ರೂಪಾಯಿಯ ಕೆಲಸವಾದರೆ ಐದು ಮನೆಯವರು ಸೇರಿ ಮುಗಿಸಿಬಿಡಬಹುದು. ಕೆಲಸ ದೊಡ್ಡದಾಗಿ, ಅಪರಿಚಿತರ ಹಣ ಬೇಕಾದಾಗ ಆಶ್ರಯ ಬೇಕು.

ಒಟ್ಟಿನಲ್ಲಿ ಹೇಳಬೇಕಾದದ್ದು ಇಷ್ಟೆ. ಆಶ್ರಯ ಕೇಳುವವರು ಬೇಡುತ್ತಿರುವುದು ಮೊಹರನ್ನಲ್ಲ, ಜವಾಬ್ದಾರಿಯಲ್ಲಿ ಪಾಲನ್ನು. ಆಶ್ರಯ ಕೊಡುವವರು ಕೊಡುತ್ತಿರುವುದು ಬರಿಯ ಹೆಸರನ್ನಲ್ಲ, ತಮ್ಮ ಹಿರಿಯರು ಗಳಿಸಿಟ್ಟ ವಿಶ್ವಾಸವನ್ನು. ಈ ಎರಡನ್ನೂ ಎರಡು ಕಡೆಯವರೂ ಅರಿತರೆ ಮಿಕ್ಕದ್ದು ಕಾಗದದ ಕೆಲಸ.

ಈ ಸಭೆಯ ಮುಂದಿನ ಸಾಲಿನಲ್ಲಿ ಕುಳಿತಿರುವ ಅಜ್ಜಿಯರಲ್ಲಿ ಎಷ್ಟೋ ಮಂದಿಗೆ ತಮ್ಮ ತಾಯಿ ಕಲಿಸಿದ ಹಾಡುಗಳು ಇಂದಿಗೂ ನೆನಪಿರಬಹುದು. ಮುಂದಿನ ಉತ್ಸವದ ಹೊತ್ತಿಗೆ ಅವುಗಳಲ್ಲಿ ಕೆಲವಾದರೂ ಮೊಮ್ಮಕ್ಕಳ ಬಾಯಲ್ಲಿ ಕೇಳಿಸಬೇಕಾದರೆ, ಅರ್ಜಿಯ ಮೊದಲ ಪುಟವನ್ನು ಈ ತಿಂಗಳೇ ಬರೆಯಬೇಕು. ಬರೆಯುವ ಕೈಗಳಿಗೂ ಆಶ್ರಯ ಕೊಡುವ ಮನಸ್ಸುಗಳಿಗೂ ಶುಭವಾಗಲಿ.