ಬೊಂಬಾಯಿಯಲ್ಲಿ ನಾವು, ಮಲ್ಪೆಯಲ್ಲಿ ಅವರು

(ಉಡುಪಿಯ ಯುವಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ನಸುಕಿನಲ್ಲಿ ಮಲ್ಪೆ ಬಂದರಿಗೆ ಹೋಗಿ ಕಿವಿಗೊಟ್ಟು ನಿಲ್ಲಿ. ಬೋಟಿನಿಂದ ಮೀನು ಇಳಿಸುವವರ ಬಾಯಲ್ಲಿ ಒಡಿಯಾ ಇದೆ, ಹಿಂದಿ ಇದೆ, ಕೊಪ್ಪಳದ ಕನ್ನಡವೂ ಇದೆ. ಸಂಜೆ ಮಣಿಪಾಲದ ಟೈಗರ್ ಸರ್ಕಲ್‌ನಲ್ಲಿ ಕನ್ನಡವನ್ನು ಹುಡುಕಬೇಕು. ಕಾರ್ಕಳದಲ್ಲಿ ಮನೆ ಕಟ್ಟಿಸುವವರನ್ನು ಕೇಳಿ, ಗಾರೆ ಕೆಲಸದವರು ಎಲ್ಲಿಂದ ಬಂದರೆಂದು. ಇದನ್ನೆಲ್ಲ ಕಂಡು ನಿಮ್ಮ ರಕ್ತ ಕುದಿಯುತ್ತದೆ. 'ಓಡಿಸಿ ಇವರನ್ನು' ಎಂದು ನಮ್ಮ ಸಭೆಗಳಲ್ಲೇ ಕೂಗು ಏಳುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಇವತ್ತು ಚಪ್ಪಾಳೆ ಬೇಡ. ಲೆಕ್ಕ ಹಾಕೋಣ.

ಈ ಕೂಗನ್ನು ನಮ್ಮ ಹಿರಿಯರು ಕೇಳಿದ್ದಾರೆ, ಬೊಂಬಾಯಿಯಲ್ಲಿ! ಕಾಪು, ಕಾರ್ಕಳ, ಉಡುಪಿಯ ಹುಡುಗರು ಚಡ್ಡಿ ಹಾಕುವ ವಯಸ್ಸಿಗೇ ಅಲ್ಲಿಗೆ ಹೋಗಿ ಹೋಟೆಲುಗಳಲ್ಲಿ ಲೋಟ ತೊಳೆದರು. ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲೇ ಊಟದ ಹೋಟೆಲು ತೆರೆದರು. 1966ರಲ್ಲಿ ಶಿವಸೇನೆ ಹುಟ್ಟಿತು. ಮರಾಠಿಗರ ಕೆಲಸ ಕಸಿದವರು ದಕ್ಷಿಣದವರು ಎಂದಿತು. ಲುಂಗಿ ಉಟ್ಟವರನ್ನು ಹೊರಹಾಕಿ ಎಂಬ ಘೋಷಣೆ ಎದ್ದಿತು, ಉಡುಪಿ ಹೋಟೆಲುಗಳಿಗೆ ಕಲ್ಲು ಬಿತ್ತು. ಅಲ್ಲಿ ನಮಗೆ ಅನ್ಯಾಯವಾಗಿದ್ದು ಇಲ್ಲಿ ನಾವು ಮಾಡಿದರೆ ನ್ಯಾಯವಾದೀತೆ?

ಹಾಗಾದರೆ ಬಾಗಿಲು ಹಾರು ಹೊಡೆದಿಡಬೇಕೆ? ಅದಕ್ಕೂ ನಾನು ಒಪ್ಪುವವನಲ್ಲ. ಹೊರಗಿನ ಕೂಲಿಯನ್ನು ಗುತ್ತಿಗೆದಾರ ಕರೆತರುವುದು ಪ್ರೀತಿಯಿಂದಲ್ಲ. ಒಂದು ಕೋಣೆಯಲ್ಲಿ ಹತ್ತು ಮಂದಿ ಮಲಗುತ್ತಾರೆ, ಹೆಚ್ಚು ಹೊತ್ತು ದುಡಿಯುತ್ತಾರೆ, ಸಂಘ ಕಟ್ಟುವುದಿಲ್ಲ. ಅದಕ್ಕೇ ಅವರು ಬೇಕು. ಕೂಲಿ ಇಳಿದಾಗ ಇಲ್ಲಿನ ದುಡಿಯುವವನ ಕೈಯೂ ಬರಿದಾಗುತ್ತದೆ. ಅಂತರರಾಜ್ಯ ವಲಸೆ ಕಾರ್ಮಿಕರಿಗೆಂದು 1979ರಲ್ಲೇ ಕಾನೂನು ಬಂತು: ಗುತ್ತಿಗೆದಾರ ಪರವಾನಗಿ ಪಡೆಯಬೇಕು, ಸ್ಥಳೀಯರಿಗೆ ಕೊಡುವ ಕೂಲಿಯನ್ನೇ ಕೊಡಬೇಕು, ಇರಲು ಮನೆ ಕೊಡಬೇಕು. ಆ ಕಾನೂನಿನ ಜಾಗದಲ್ಲಿ 2020ರ ಕಾರ್ಮಿಕ ಸಂಹಿತೆ ಬಂದಿದೆ. ಸಮಾನ ಕೂಲಿ ನಿಜವಾಗಿ ಕೊಡಿಸಿ ನೋಡಿ, ಅಗ್ಗದ ಆಳಿನ ಆಸೆ ಅರ್ಧಕ್ಕೆ ಇಳಿಯುತ್ತದೆ.

ಇನ್ನು ಮೀಸಲಾತಿಯ ದಾರಿ. ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ 58 ಶಿಫಾರಸು ಕೊಟ್ಟಿತು. ಕೇಂದ್ರದ ಉದ್ದಿಮೆಗಳ ಸಿ ಮತ್ತು ಡಿ ದರ್ಜೆಯ ಕೆಲಸ ಪೂರ್ತಿ ಕನ್ನಡಿಗರಿಗೇ ಎಂದಿತು. ವರದಿ ಕಪಾಟಿನಲ್ಲಿ ಕೂತಿತು. 2024ರ ಜುಲೈಯಲ್ಲಿ ರಾಜ್ಯ ಸಂಪುಟ ಮಸೂದೆಯೊಂದಕ್ಕೆ ಒಪ್ಪಿತು: ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇಕಡ 50, ಉಳಿದವುಗಳಲ್ಲಿ ಶೇಕಡ 70 ಸ್ಥಳೀಯರಿಗೆ. ಐಟಿ ದೊರೆಗಳು ಕೆಮ್ಮಿದರು, ಎರಡೇ ದಿನದಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು! ಆದರೆ ಹರಿಯಾಣದ ಕಥೆಯನ್ನೂ ಕೇಳಿ. ಅಲ್ಲಿ 30 ಸಾವಿರದೊಳಗಿನ ಸಂಬಳದ ಖಾಸಗಿ ಕೆಲಸಗಳಲ್ಲಿ ಶೇಕಡ 75 ಸ್ಥಳೀಯರಿಗೆ ಎಂಬ ಕಾನೂನೇ ಆಯಿತು. 2023ರ ನವೆಂಬರಿನಲ್ಲಿ ಅಲ್ಲಿನ ಹೈಕೋರ್ಟು ಅದನ್ನು ಹೊಡೆದುಹಾಕಿತು. ದೇಶದಲ್ಲಿ ಎಲ್ಲಿ ಬೇಕಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಎಲ್ಲರಿಗೂ ಕೊಟ್ಟಿದೆ. ನಮ್ಮವರು ಬೊಂಬಾಯಿಯಲ್ಲಿ ಉಳಿದದ್ದೂ ಅದೇ ಹಕ್ಕಿನ ಬಲದಿಂದ.

ಮೀಸಲಾತಿ ಬೇಡವೆಂದು ನಾನು ಹೇಳುತ್ತಿಲ್ಲ. ಕಾಪು ಬಳಿಯ ಎಲ್ಲೂರಿನಲ್ಲಿ 1200 ಮೆಗಾವ್ಯಾಟಿನ ವಿದ್ಯುತ್ ಸ್ಥಾವರ ನಿಂತಿದೆ. ಇಂಥ ಉದ್ದಿಮೆಗೆ ಗದ್ದೆ ಬಿಟ್ಟವನ ಮಗ ಕೆಲಸ ಕೇಳಿದರೆ ಅದು ಭಿಕ್ಷೆಯಲ್ಲ. ಸರ್ಕಾರದಿಂದ ಜಮೀನು, ರಿಯಾಯಿತಿ ಪಡೆದವರಿಗೆ ಷರತ್ತು ಹಾಕಲೇಬೇಕು. ಕೋರ್ಟಿನಲ್ಲಿ ನಿಲ್ಲುವ ದಾರಿ ಅದೇ ಎಂದು ನನಗನ್ನಿಸುತ್ತದೆ.

ನಿಮ್ಮ ಸಿಟ್ಟು ಸರಿಯಾದ ಕಡೆ ಬೀಳಲಿ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರುಮಾಡಿತು. ಮನೆಮನೆಗೆ ಹೋಗಿ ಎರಡಾಣೆ ಪಡೆಯುವವನಿಗೆ ಮನೆಯವರ ಭಾಷೆ ಬರದಿದ್ದರೆ ನಡೆಯುತ್ತಿತ್ತೆ? 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದೆಂಬ ಘೋಷಣೆ ಬಂದದ್ದು 2019ರಲ್ಲಿ! ಅಲ್ಲಿಯವರೆಗೆ ನಿಮ್ಮ ಅಣ್ಣನ ಕೆಲಸ ಕಸಿದವನು ಮಲ್ಪೆಯಲ್ಲಿ ಬುಟ್ಟಿ ಹೊರುವವನೋ, ದೆಹಲಿಯಲ್ಲಿ ಕೂತು ಪ್ರಶ್ನೆಪತ್ರಿಕೆಯ ಭಾಷೆ ನಿರ್ಧರಿಸಿದವನೋ? ಕೌಂಟರಿನಲ್ಲಿ ಕೂತವನು ಆರು ತಿಂಗಳಲ್ಲಿ ಕನ್ನಡ ಕಲಿಯಲಿ, ಕಲಿತ ಮೇಲೆಯೇ ಕೆಲಸ ಖಾಯಂ ಆಗಲಿ. ಇದನ್ನು ನಾವು ಪಟ್ಟುಹಿಡಿದು ಕೇಳಬೇಕು.

ಇನ್ನೊಂದು ಮಾತು, ಸ್ವಲ್ಪ ಕಹಿ. ಬಾಗಲಕೋಟೆ, ಗದಗದಿಂದ ಬಂದವನನ್ನು ನಾವು 'ಘಟ್ಟದವನು' ಎನ್ನುತ್ತೇವೆ. ಅವನದು ಅಪ್ಪಟ ಕನ್ನಡ. ಅವನಿಗೆ ಬಾಡಿಗೆಗೆ ಮನೆ ಕೊಡದವರು ಯಾವ ಬಾಯಿಯಿಂದ ಕನ್ನಡಿಗರಿಗೆ ಕೆಲಸ ಕೊಡಿ ಎನ್ನುತ್ತೇವೆ?

ಬೊಂಬಾಯಿಯಲ್ಲಿ ನಮ್ಮ ಹೋಟೆಲ್ ಹುಡುಗರಿಗೆ ಕನ್ನಡದ ರಾತ್ರಿಶಾಲೆಗಳಿದ್ದವು. ಹಗಲು ಮೇಜು ಒರೆಸಿ ರಾತ್ರಿ ಓದಿದವರು ಮುಂದೆ ಹೋಟೆಲಿನ ಧಣಿಗಳಾದರು, ವಕೀಲರಾದರು. ಮಲ್ಪೆಯಲ್ಲಿ ಬಲೆ ಎಳೆಯುವ ಒಡಿಶಾದ ಹುಡುಗನಿಗೂ, ಮಣಿಪಾಲದಲ್ಲಿ ಓದುವ ದೆಹಲಿಯ ಹುಡುಗಿಗೂ ಕನ್ನಡ ಕಲಿಸುವ ರಾತ್ರಿಶಾಲೆ ಇಲ್ಲೂ ನಡೆಯಬಾರದೇಕೆ? ವಾರಕ್ಕೆ ಮೂರು ರಾತ್ರಿ, ಒಂದೊಂದು ಗಂಟೆ ಸಾಕು. ಹಲಗೆ ನಾನು ತರುತ್ತೇನೆ. ಪಾಠ ಹೇಳುವವರು ಯಾರು? ಕೈ ಎತ್ತಿ, ಹೆಸರು ಬರೆದುಕೊಳ್ಳುತ್ತೇನೆ.